ಕಣ್ಣಿಗೆ ಕಾಣುವಷ್ಟು ದೂರ

ಮನೆಯಲ್ಲಿ ಸಾಲಿಗ್ರಾಮದ ಸಂಪುಟ ನೋಡಿಕೊಂಡು ಬೆಳೆದವರಿಗೆ ಕಾಳಿಗಂಡಕಿ ಅಪರಿಚಿತ ನದಿಯಲ್ಲ. ಅದರ ಒಂದು ಕಪ್ಪು ತುಣುಕು ಅಜ್ಜನ ಪೂಜೆಯ ತಟ್ಟೆಯಲ್ಲಿ ದಿನವೂ ಅಭಿಷೇಕ ಮಾಡಿಸಿಕೊಳ್ಳುತ್ತಿರುತ್ತದೆ. ಹಿಮಾಲಯ ಏಳುವುದಕ್ಕೂ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದಲ್ಲಿ ಈಜಾಡಿಕೊಂಡಿದ್ದ ಅಮೋನೈಟ್ ಜೀವಿ ಕಲ್ಲಾಗಿ, ಬೆಟ್ಟದೊಡನೆ ಮೇಲೆದ್ದು, ಮತ್ತೆ ನೀರಿಗೆ ಬಿದ್ದು ಉರುಳಿ ನಮ್ಮ ದೇವರ ಗೂಡು ಸೇರಿದೆ. ಈ ನದಿಯ ಪಕ್ಕದಲ್ಲೇ, ನೇಪಾಳದ ಬೇನಿ ಪಟ್ಟಣ ದಾಟಿ, ಗಲೇಶ್ವರದ ಬಂಡೆಯ ಮೇಲಿನ ಶಿವನಿಗೆ ಕೈಮುಗಿದು, ಮುಕ್ತಿನಾಥದ ಜೀಪುಗಳು ಉತ್ತರಕ್ಕೆ ಹೋಗುತ್ತವೆ. ನಾವು ಗಲೇಶ್ವರದಲ್ಲಿ ಇಳಿದು ಬಲಗಡೆಯ ಬೆಟ್ಟಕ್ಕೆ ಮುಖ ಮಾಡಿದಾಗ, ನಮ್ಮ ಮಾತು ಕಿವಿಗೆ ಬಿದ್ದ ಹಿರಿಯರೊಬ್ಬರು ಜೀಪಿನ ಕಿಟಕಿಯಿಂದ ತಲೆ ಹೊರಹಾಕಿ, "ಮುಕ್ತಿನಾಥ ಆ ಕಡೆ ಅಲ್ವೇನ್ರೀ?" ಅಂದರು. ನಾವು ನಂಗಿಗೆ ಹೊರಟವರು, ಅಲ್ಲಿಂದ ಮೊಹರೆ ಡಾಂಡಾಕ್ಕೆ. "ಅಲ್ಲೇನಿದೆ?" ಎಂಬ ಮುಂದಿನ ಪ್ರಶ್ನೆಗೆ ಉತ್ತರಿಸಲು ಸಂಕೋಚವಾಯಿತು. ಇಷ್ಟು ದೂರ ಬಂದು ಸೋಲಾರ್ ಪ್ಯಾನೆಲ್ಲು, ಡಿಶ್ ಆಂಟೆನಾ ನೋಡಲು ಹೊರಟಿದ್ದೇವೆ ಅಂದರೆ ಅವರು ಏನೆಂದುಕೊಂಡಾರು!

ಹತ್ತುವುದು ಎಂದರೆ ಇಲ್ಲಿ ಕಲ್ಲಿನ ಮೆಟ್ಟಿಲು ಹತ್ತುವುದು. ಯಾರು ಯಾವ ಕಾಲದಲ್ಲಿ ಕೂರಿಸಿದರೋ, ಬೆಟ್ಟದ ಬುಡದಿಂದ ಮೋಡದೊಳಗೆ ನುಗ್ಗುವವರೆಗೂ ಮೆಟ್ಟಿಲೇ ಮೆಟ್ಟಿಲು. ಎರಡೂ ಬದಿಯಲ್ಲಿ ಅಂಗೈಯಗಲದ ಹೊಲಗಳು. ಅಲ್ಲಲ್ಲಿ ಅರಳಿ, ಆಲ ಜೋಡಿಯಾಗಿ ನೆಟ್ಟು ಸುತ್ತ ಕಟ್ಟೆ ಕಟ್ಟಿದ ಚೌತಾರಿ. ಆ ಕಟ್ಟೆಯ ಎತ್ತರಕ್ಕೂ ಒಂದು ಲೆಕ್ಕವಿದೆ. ಹೊರೆ ಹೊತ್ತವನು ಬಗ್ಗಬಾರದು, ಇಳಿಸಿಕೊಳ್ಳಲು ಇನ್ನೊಬ್ಬರನ್ನು ಕರೆಯಬಾರದು. ನಿಂತ ಹಾಗೆಯೇ ಬೆನ್ನಿನ ಡೋಕೋ ಬುಟ್ಟಿಯನ್ನು ಹಿಂದಕ್ಕೆ ಆನಿಸಿ ಹಣೆಯ ಮೇಲಿನ ಪಟ್ಟಿಯನ್ನು ಸಡಿಲಿಸಿದರೆ ಕತ್ತು ಹಗುರಾಗಬೇಕು. ಅಷ್ಟೇ ಎತ್ತರ. ಅಂಥ ಒಂದು ಕಟ್ಟೆಯಲ್ಲಿ ಕೂತು ನಾವು ಏದುಸಿರು ಬಿಡುತ್ತಿದ್ದಾಗ, ತಗಡಿನ ಶೀಟುಗಳನ್ನು ಸುರುಳಿ ಮಾಡಿ ಹೊತ್ತ ಹುಡುಗನೊಬ್ಬ ಬಂದು, ಬುಟ್ಟಿ ಆನಿಸಿ, ನಾಲ್ಕು ಉಸಿರು ಎಳೆದುಕೊಂಡು, ನಮ್ಮತ್ತ ಕನಿಕರದ ನಗೆ ಬೀರಿ ಹೊರಟೇಹೋದ.

ಈಗ ಜೀಪಿನ ಮಣ್ಣುರಸ್ತೆ ಈ ಮೆಟ್ಟಿಲುಗಳನ್ನು ಅಲ್ಲಲ್ಲಿ ಕತ್ತರಿಸಿಕೊಂಡು ಮೇಲೇರುತ್ತದೆ. ಇಪ್ಪತ್ತೈದು ವರ್ಷದ ಕೆಳಗೆ ಅದಿರಲಿಲ್ಲ. ಹತ್ತಿರದ ರಸ್ತೆಯಿಂದ ನಂಗಿಗೆ ಏಳು ಗಂಟೆಯ ನಡಿಗೆ. ಉಪ್ಪು, ಸೀಮೆಎಣ್ಣೆ, ಶಾಲೆಯ ಬೆಂಚು, ಕಾಯಿಲೆಯವರು, ಎಲ್ಲವೂ ಎಲ್ಲರೂ ಯಾರದೋ ಬೆನ್ನ ಮೇಲೆಯೇ. ಕಂಪ್ಯೂಟರ್ ಕೂಡ ಹಾಗೇ ಬಂತು.

ನಂಗಿ ಮ್ಯಾಗ್ದಿ ಜಿಲ್ಲೆಯ ಮಗರ್ ಜನರ ಊರು. ಸಮುದ್ರಮಟ್ಟದಿಂದ 2,200 ಮೀಟರಿನ ಆಸುಪಾಸು. ಮಗರರು ನೇಪಾಳದ ಆದಿವಾಸಿ ಜನಜಾತಿಗಳಲ್ಲಿ ಅತಿ ದೊಡ್ಡವರು. ಗೂರ್ಖಾ ಪಡೆಗಳಿಗೆ ತಲೆತಲಾಂತರದಿಂದ ಗಂಡಸರನ್ನು ಕಳಿಸಿಕೊಟ್ಟವರು. ಕಲ್ಲುಹಲಗೆ ಹೊದೆಸಿದ ಮನೆಗಳು, ಅಂಗಳದಲ್ಲಿ ಜೋಳದ ತೆನೆಗಳ ಗೊಂಚಲು, ನಡುವೆ ಊರಿಗಿಂತ ದೊಡ್ಡದಾಗಿ ಕಾಣುವ ಶಾಲೆ. ಅದೇ ಹಿಮಾಂಚಲ ಹೈಸ್ಕೂಲು. ಈ ಕಥೆಯೆಲ್ಲ ಅದರ ಅಂಗಳದಲ್ಲೇ ಹುಟ್ಟಿದ್ದು.

ಮಹಾಬೀರ್ ಪುನ್ 1955ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಕಾಗದ, ಪೆನ್ಸಿಲ್ ಇಲ್ಲದ ಕಾಲ. ಇದ್ದಿಲಿನಿಂದ ಕಪ್ಪು ಮಾಡಿದ ಮರದ ಹಲಗೆಯ ಮೇಲೆ ಅಕ್ಷರ ತಿದ್ದಿದರು. ನಿವೃತ್ತ ಗೂರ್ಖಾ ಸೈನಿಕನಾಗಿದ್ದ ತಂದೆ, ಮಗ ಓದಲಿ ಎಂದು ಬೆಟ್ಟ ಬಿಟ್ಟು ಚಿತವನದ ಬಯಲಿಗೆ ಸಂಸಾರ ಇಳಿಸಿದರು. ಮಗ ಹತ್ತು ಹನ್ನೆರಡು ವರ್ಷ ಮೇಷ್ಟ್ರಾಗಿ ದುಡಿದು ಒಡಹುಟ್ಟಿದವರನ್ನು ಓದಿಸಿದರು. ಆಮೇಲೆ ಅಮೆರಿಕದ ಕಾಲೇಜುಗಳಿಗೆಲ್ಲ ಅರ್ಜಿ ಗುಜರಾಯಿಸಿ, ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕಿಯರ್ನಿ ಶಾಖೆಯಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಹೋದರು. 1992ರಲ್ಲಿ ಪದವಿ ಮುಗಿಸಿದವರು ಅಲ್ಲೇ ನಿಲ್ಲಬಹುದಿತ್ತು. ನಂಗಿಗೆ ವಾಪಸಾಗಿ ಊರವರ ಜೊತೆ ಹೈಸ್ಕೂಲು ಕಟ್ಟತೊಡಗಿದರು. ಇಷ್ಟು ಹೇಳಿದರೆ ಹಳ್ಳಿಗೆ ಮರಳಿದ ವಿದ್ಯಾವಂತನ ಮಾಮೂಲಿ ಕಥೆ. ಬೆರಗು ಹುಟ್ಟಿಸುವುದು ಮುಂದಿನದು.

1997ರಲ್ಲಿ ಆಸ್ಟ್ರೇಲಿಯಾದ ಶಾಲೆಯೊಂದು ಬಳಸಿದ ನಾಲ್ಕು ಕಂಪ್ಯೂಟರ್ ಕೊಟ್ಟಿತು. ಕೊಟ್ಟವರಿಗೆ ಧನ್ಯವಾದ ಹೇಳಲು ಫೋನಿರಲಿಲ್ಲ. ಗುಂಡಿ ಒತ್ತಿ ನೋಡಲು ಕರೆಂಟೂ ಇರಲಿಲ್ಲ. ಊರಿನ ಪಕ್ಕದ ಹಳ್ಳಕ್ಕೆ ಎರಡು ಪುಟ್ಟ ಜನರೇಟರ್ ಕೂರಿಸಿ ನೀರಿನಿಂದ ವಿದ್ಯುತ್ ತೆಗೆದರು. ಹಳೆಯ ಬಿಡಿಭಾಗಗಳನ್ನು ಕೂಡಿಸಿ, ಊರಿನ ಬಡಗಿ ಮಾಡಿದಂಥ ಮರದ ಪೆಟ್ಟಿಗೆಗಳಲ್ಲಿಟ್ಟು ಇನ್ನಷ್ಟು ಕಂಪ್ಯೂಟರ್ ಜೋಡಿಸಿದರು. ಸರಿ, ಕಂಪ್ಯೂಟರ್ ಚಾಲೂ ಆಯಿತು. ಆದರೆ ಇಮೇಲ್ ನೋಡಲು ಪೋಖರಾಕ್ಕೆ ಇಳಿಯಬೇಕು. ಟೆಲಿಫೋನ್ ತಂತಿ ಎಳೆಯುವವರಿಲ್ಲ, ಉಪಗ್ರಹದ ಸಂಪರ್ಕಕ್ಕೆ ಕೇಳುವ ಹಣ ಬೆಟ್ಟದ ಶಾಲೆಗೆ ಎಟುಕದು. 2001ರಲ್ಲಿ ಪುನ್ ಮೇಷ್ಟ್ರು ಬಿಬಿಸಿಗೆ ಒಂದು ಪತ್ರ ಬರೆದು, ಕಡಿಮೆ ಖರ್ಚಿನಲ್ಲಿ ಊರಿಗೆ ಇಂಟರ್‌ನೆಟ್ ತರುವ ಉಪಾಯ ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಬಿಬಿಸಿ ಅದನ್ನು ಸುದ್ದಿ ಮಾಡಿತು. ಮರುವರ್ಷ ಯುರೋಪು, ಅಮೆರಿಕಗಳಿಂದ ತಂತ್ರಜ್ಞಾನ ಬಲ್ಲ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಬಂದರು.

ಬಂದ ಕಾಲ ಎಂಥದ್ದು! ಮಾವೋವಾದಿಗಳ ಯುದ್ಧ 1996ರಿಂದ ನಡೆದಿತ್ತು. ನಾವು ಚಹಾ ಕುಡಿದು ಬಂದ ಬೇನಿ ಪಟ್ಟಣದ ಮೇಲೆಯೇ 2004ರ ಮಾರ್ಚ್ 20ರ ರಾತ್ರಿ ಭಾರಿ ದಾಳಿ ನಡೆಯಿತು. ಬೆಟ್ಟದ ಮೇಲೆ ಆಂಟೆನಾ ಹೊತ್ತು ತಿರುಗುವವನು ಸೈನ್ಯದ ಕಣ್ಣಿಗೆ ಬಂಡಾಯಗಾರ, ಬಂಡಾಯಗಾರರ ಕಣ್ಣಿಗೆ ಸರ್ಕಾರದ ಗೂಢಚಾರ. ವೈರ್‌ಲೆಸ್ ಉಪಕರಣಕ್ಕೆ ಲೈಸೆನ್ಸ್ ಸಿಗದು. ಹಾಗಾಗಿ ಸಾಮಾನುಗಳು ಕಳ್ಳದಾರಿಯಲ್ಲೇ, ಪ್ರವಾಸಿಗಳ ಬಟ್ಟೆಬರೆಯ ನಡುವೆ ಅಡಗಿ ಒಳಬಂದವು. ನಂಗಿಯಿಂದ ಎದುರು ಬೆಟ್ಟದ ರಾಮ್ಚೆಗೆ ಮೊದಲ ಪ್ರಯೋಗ. ಟಿವಿಗೆ ಹಾಕುವ ಡಿಶ್ಶನ್ನೇ ಆಂಟೆನಾ ಮಾಡಿದರು, ನೆಟ್ಟಗೆ ಬೆಳೆದ ಮರವನ್ನೇ ಟವರ್ ಮಾಡಿದರು. ಗಾಳಿ ಬೀಸಿ ಮರ ತೂಗಿದರೆ ಸಿಗ್ನಲ್ಲೂ ತೂಗುತ್ತಿತ್ತು. 2003ರ ಹೊತ್ತಿಗೆ ನಂಗಿ ಪೋಖರಾದ ಮೂಲಕ ಜಗತ್ತಿಗೆ ಜೋಡಣೆಯಾಯಿತು. 2005ರ ಫೆಬ್ರವರಿ 1ರಂದು ದೊರೆ ಜ್ಞಾನೇಂದ್ರ ಅಧಿಕಾರ ಕೈಗೆತ್ತಿಕೊಂಡು ದೇಶದ ಫೋನು, ಇಂಟರ್‌ನೆಟ್ಟುಗಳನ್ನು ಕತ್ತರಿಸಿದ್ದೂ ಈ ನಡುವೆಯೇ. 2007ರಲ್ಲಿ ಪುನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹನ್ನೆರಡು ಹಳ್ಳಿಗಳು ಈ ಜಾಲದಲ್ಲಿದ್ದವು.

ಶಾಲೆಯ ಹಿಂದಿನ ಇಳಿಜಾರಿನಲ್ಲಿ ಕಾಗದ ಮಾಡುತ್ತಿದ್ದರು. ಅಲ್ಲಿಂದ ನಮ್ಮ ಕಾಲು ಕೀಳಲೇ ಇಲ್ಲ. ಲೋಕ್ತಾ ಎಂಬ ಕಾಡುಪೊದೆಯ ತೊಗಟೆಯನ್ನು ಬೇಯಿಸಿ, ಕುಟ್ಟಿ, ಗಂಜಿ ಮಾಡಿ, ನೀರ ತೊಟ್ಟಿಯಲ್ಲಿ ತೇಲುವ ಬಟ್ಟೆಯ ಚೌಕಟ್ಟಿನ ಮೇಲೆ ಸುರಿಯುತ್ತಾರೆ. ಹೆಂಗಸೊಬ್ಬಳು ಚೌಕಟ್ಟಿನ ಎರಡು ಅಂಚು ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಿಸಿದಳು. ಗಂಜಿ ತಾನಾಗಿ ಸಮನಾಗಿ ಹರಡಿ ಕೂತಿತು. ನೀರು ಬಸಿದು, ಚೌಕಟ್ಟನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸಿದಳು. ಅಂಥ ಹತ್ತಾರು ಚೌಕಟ್ಟು ಸೂರ್ಯನಿಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ ಶಾಲೆಯ ಮಾಡಿನ ಮೇಲೆ, ಅದೇ ಓರೆಯಲ್ಲಿ, ಅದೇ ದಿಕ್ಕಿಗೆ, ಸೋಲಾರ್ ಪ್ಯಾನೆಲ್ಲುಗಳು. ಇವಳಿಗೆ ಬಿಸಿಲು ಹಿಡಿಯುವ ಕೋನವನ್ನು ಯಾವ ಎಂಜಿನಿಯರೂ ಹೇಳಿಕೊಡಬೇಕಿರಲಿಲ್ಲ. ಒಣಗಿದ ಹಾಳೆಯನ್ನು ಉಗುರಿನಿಂದ ಮೂಲೆ ಎಬ್ಬಿಸಿ ಚರ್ರೆಂದು ಬಿಡಿಸಿ ನನ್ನ ಕೈಗಿಟ್ಟಳು. ಹುಳ ಹಿಡಿಯದ, ಶತಮಾನ ಬಾಳುವ ಕಾಗದವಂತೆ. ನೇಪಾಳದ ಎಷ್ಟೋ ಹಳೆಯ ಭೂಪತ್ರಗಳು ಇದರ ಮೇಲೆಯೇ ಬರೆದವು.

ರಾತ್ರಿ ಊಟಕ್ಕೆ ಕೋದೋದ ಢಿಡೋ. ಕೋದೋ ಅಂದರೆ ನಮ್ಮ ರಾಗಿಯೇ. ಢಿಡೋ ಅಂದರೆ, ಸ್ವಲ್ಪ ಸಡಿಲವಾಗಿ ತೊಳಸಿದ ಮುದ್ದೆಯೇ. ಮಂಡ್ಯದ ನನ್ನ ಗೆಳೆಯ ಹಿಮಾಲಯದ ಮಡಿಲಲ್ಲಿ ಮುದ್ದೆ ನುಂಗುತ್ತಾ ಭಾವುಕನಾಗಿ, ಸೊಪ್ಪಿನ ಸಾರು ಇಲ್ಲವೇ ಎಂದು ಕೇಳುವ ಹಂತಕ್ಕೆ ಹೋದ. ಹುಳಿ ಬರಿಸಿ ಒಣಗಿಸಿದ ಗುಂದ್ರುಕ್ ಸೊಪ್ಪಿನ ಸಾರು ಬಂತು. ಅದೇ ರಾಗಿಯಿಂದ ಇಳಿಸಿದ ರಕ್ಸಿಯೂ ಬಂತು, ಅದರ ವಿಚಾರ ಇಲ್ಲಿ ಬೇಡ.

ನಂಗಿಯಿಂದ ಮೊಹರೆಗೆ ಏರುವ ದಾರಿ ಪೂರ್ತಿ ಕಾಡು. ಲಾಲಿಗುರಾಂಸ್ ಮರಗಳು ಹೂಬಿಟ್ಟ ಕಾಲ. ನಮ್ಮ ಕಡೆಯ ಮುತ್ತುಗ ಅರಳಿದಾಗ ಬಯಲೆಲ್ಲ ಕೆಂಪಾಗುತ್ತದಲ್ಲ, ಇಲ್ಲಿ ಅದೇ ಕೆಂಪು ತಲೆಯ ಮೇಲೂ ಕಾಲ ಕೆಳಗೂ ಇತ್ತು. ಕೊಂಬೆಗಳಿಗೆ ಪಾಚಿಯ ಗಡ್ಡ, ಗಡ್ಡದ ನಡುವೆ ಹೂವಿನ ಉಂಡೆಗಳು. ಉದುರಿದ ಎಸಳಿನ ಮೇಲೆ ಜಾರಿ ಜಾರಿ ನಡೆದು, ಮರಗಳು ಕುಳ್ಳಾಗಿ, ಆಮೇಲೆ ಇಲ್ಲವಾಗಿ, ಒಮ್ಮೆಗೇ ಬಯಲು ಏಣು. ಸುಮಾರು 3,300 ಮೀಟರ್ ಎತ್ತರ. ಹಳ್ಳಿಗರೇ ಸೇರಿ ನಡೆಸುವ ಒಂದು ಲಾಡ್ಜು. ಅದರ ಪಕ್ಕದಲ್ಲಿ ಕಬ್ಬಿಣದ ಸಣ್ಣ ಕಂಬ, ಕಂಬಕ್ಕೆ ಡಿಶ್ಶುಗಳು, ಕಾಲಬುಡದಲ್ಲಿ ಪ್ಯಾನೆಲ್ಲುಗಳು. ನೋಡಲು ಬಂದದ್ದು ಇಷ್ಟೇ ಪುಟ್ಟದ್ದು!

ಅವತ್ತು ಸಂಜೆ ಮೋಡ ಮುಚ್ಚಿ ಯಾವ ಶಿಖರವೂ ಕಾಣಲಿಲ್ಲ. ಎಲ್ಲರೂ ಅಡುಗೆಮನೆಯ ಒಲೆ ಸುತ್ತ ಸೇರಿದೆವು. ನಾವು ಬೆಂಗಳೂರಿನವರು ಎಂದದ್ದೇ ತಡ, ಅಡುಗೆಯ ದೀದಿ ಕೈ ಒರೆಸಿಕೊಂಡು ಫೋನ್ ತೆಗೆದಳು. ಅವಳ ಮಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ. ವಿಡಿಯೋದಲ್ಲಿ ಯೂನಿಫಾರ್ಮಿನ ಮುಖ ಮೂಡಿತು, ಹಿಂದೆ ಗೇಟು, ಸ್ವಿಗ್ಗಿ ಹುಡುಗನ ಬೈಕು. ತಾಯಿಯೊಡನೆ ಎರಡು ಮಾತಾಡಿ ಅವನು ನನ್ನತ್ತ ತಿರುಗಿದ. "ಊಟ ಆಯ್ತಾ ಸಾರ್? ಅಲ್ಲಿ ಚಳಿ ಜಾಸ್ತಿ, ಟೋಪಿ ಹಾಕ್ಕೊಂಡು ಮಲಗಿ." ಮೂರು ಸಾವಿರ ಮೀಟರ್ ಎತ್ತರದಲ್ಲಿ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಈ ಉಪಚಾರ ಕೇಳಿ ನಾನು ಮಾತು ಕಳೆದುಕೊಂಡೆ. ಅವನಿಗೆ ನನ್ನ ಬೆರಗಿನಿಂದ ಆಗಬೇಕಾದ್ದೇನೂ ಇರಲಿಲ್ಲ, ಕೆಲಸವಿತ್ತು. "ಅಮ್ಮ ಬಿಪಿ ಮಾತ್ರೆ ಬಿಟ್ಟಿದಾರೆ ಸಾರ್, ನಾನ್ ಹೇಳಿದ್ರೆ ಕೇಳಲ್ಲ. ನೀವ್ ಒಂದ್ಸಲ ಹೇಳಿ." ನಾನು ಹರಕುಮುರುಕು ಹಿಂದಿಯಲ್ಲಿ ಹೇಳಿದೆ. ದೀದಿ ನಕ್ಕು, ಎಲ್ಲಾ ಗಂಡಸರೂ ಒಂದೇ ಎನ್ನುವ ಹಾಗೆ ಒಲೆಗೆ ಸೌದೆ ತುರುಕಿದಳು.

ಸಂಪರ್ಕ ಬಂದರೆ ಹಳ್ಳಿಯ ಹುಡುಗರು ಊರು ಬಿಡುತ್ತಾರೆ ಎಂಬ ವಾದವನ್ನು ನಾನೂ ಸಾಕಷ್ಟು ಕೇಳಿದ್ದೇನೆ. ಈ ಬೆಟ್ಟದಲ್ಲಿ ಅದು ನಿಲ್ಲುವುದಿಲ್ಲ. ಇವರ ಮಕ್ಕಳು ಬ್ರಿಟಿಷರ ಪಲ್ಟನ್ನು ಸೇರಲು ಹೊರಟದ್ದು 1815ರ ಹೊತ್ತಿಗೆ. ಅಂದಿನಿಂದ ಮನೆಗೊಬ್ಬ ಹೊರಗೆ. ಇವತ್ತು ಪಲ್ಟನ್ನಿನ ಜೊತೆಗೆ ಕತಾರ್, ಮಲೇಷ್ಯಾ, ಬೆಂಗಳೂರು ಸೇರಿವೆ. ಹೊರಗೆ ದುಡಿಯುವವರು ಕಳಿಸುವ ಹಣ ನೇಪಾಳದ ಒಟ್ಟು ಉತ್ಪನ್ನದ ಕಾಲು ಭಾಗದಷ್ಟಿದೆ. ಹೋಗುವುದು ಮೊದಲೂ ಇತ್ತು. ಹೋದವನು ಬದುಕಿದ್ದಾನೋ ಇಲ್ಲವೋ ಎಂದು ತಿಳಿಯಲು ಆಗ ತಿಂಗಳುಗಟ್ಟಲೆ ಕಾಗದದ ದಾರಿ ಕಾಯಬೇಕಿತ್ತು.

ಬೆಳಗ್ಗೆ ಐದಕ್ಕೆ ಗೆಳೆಯ ಕಾಲು ಹಿಡಿದು ಎಳೆದ. ಹೊರಗೆ ಬಂದರೆ ಆಕಾಶದ ಅರ್ಧ ಬಿಳಿಯ ಗೋಡೆ. ಎಡಕ್ಕೆ 8,167 ಮೀಟರಿನ ಧವಳಗಿರಿ, ಒಂಟಿಯಾಗಿ, ಹೆಗಲಗಲಿಸಿ. ನಂತರ ಕಾಳಿಗಂಡಕಿ ಕೊರೆದ ಕಣಿವೆಯ ಕತ್ತಲು. ಅದರ ಆಚೆ ನೀಲಗಿರಿ, ಅನ್ನಪೂರ್ಣ ಸಾಲು, ಬಲತುದಿಯಲ್ಲಿ ಮೀನಿನ ಬಾಲದ ಮಚ್ಛಾಪುಚ್ಛ್ರೆ. ಮೊದಲ ಬಿಸಿಲು ಧವಳಗಿರಿಯ ನೆತ್ತಿಗೆ ತಗುಲಿ ಕೇಸರಿಯಾಗಿ, ಇಳಿಯುತ್ತ ಇಳಿಯುತ್ತ ಹಳದಿಯಾಗಿ, ಕಣಿವೆಯ ಹಳ್ಳಿಗಳ ಮಾಡುಗಳನ್ನು ಒಂದೊಂದಾಗಿ ಮುಟ್ಟಿತು. ಈ ನೋಟಕ್ಕೆಂದೇ ಪಕ್ಕದ ಪೂನ್ ಹಿಲ್‌ನಲ್ಲಿ ಜಗತ್ತಿನ ಪ್ರವಾಸಿಗಳೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ.

ನನಗೆ ಆಗ ಹೊಳೆದದ್ದು ಇದು. ಇಲ್ಲಿಂದ ಎಲ್ಲವೂ ಕಾಣುತ್ತದೆ ಎಂಬುದು ನಮಗೆ ಸೌಂದರ್ಯದ ಮಾತು. ಪುನ್ ಮೇಷ್ಟ್ರಿಗೆ ಅದೇ ಎಂಜಿನಿಯರಿಂಗ್. ವೈ-ಫೈ ಅಲೆ ನೆಟ್ಟಗೆ ಓಡುತ್ತದೆ, ಬೆಟ್ಟ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯ ಮೂರನೇ ಕೋಣೆಗೆ ತಲುಪದೆ ಸತಾಯಿಸುವ 2.4 ಗಿಗಾಹರ್ಟ್ಸ್ ಅಲೆಯೇ, ಸುತ್ತಲೂ ಚೆಲ್ಲಿಹೋಗದಂತೆ ಡಿಶ್ಶಿನಿಂದ ಒಂದೇ ದಿಕ್ಕಿಗೆ ಕೂಡಿಸಿ ಬಿಟ್ಟರೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ಷರತ್ತು ಒಂದೇ, ಈ ಡಿಶ್ಶಿಗೆ ಆ ಡಿಶ್ಶು ಕಾಣಬೇಕು. ಹಾಗಾಗಿ ಎಲ್ಲ ಊರುಗಳೂ ಕಾಣುವ ಏಣೊಂದು ಬೇಕಾಯಿತು. ಪೋಖರಾದ ಕಡೆಯಿಂದ ಬಂದ ಸಿಗ್ನಲ್ಲನ್ನು ಮೊಹರೆ ಹಿಡಿದು ಕಣಿವೆಗಳಿಗೆ ಹಂಚತೊಡಗಿತು. ಯಾಕ್ ಮೇಯಿಸುವವರು ಮೇಲಿನ ಹುಲ್ಲುಗಾವಲಿನಿಂದ ಮನೆಯವರೊಡನೆ ಮಾತಾಡಿದ್ದು, ಗಣಿತದ ಮೇಷ್ಟ್ರಿಲ್ಲದ ಶಾಲೆಗೆ ಇನ್ನೊಂದು ಊರಿನ ಮೇಷ್ಟ್ರು ಪರದೆಯ ಮೇಲೆ ಪಾಠ ಹೇಳಿದ್ದು, ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಕಾಠ್ಮಂಡುವಿನ ಮಾಡೆಲ್ ಆಸ್ಪತ್ರೆಯ ಡಾಕ್ಟರಿಗೆ ರೋಗಿಯನ್ನು ತೋರಿಸಿದ್ದು, ಎಲ್ಲ ಇಂಥ ಏಣುಗಳ ಮೇಲಿಂದ.

ಏಣಿನ ಮೇಲಕ್ಕೆ ವಿದ್ಯುತ್ ತಂತಿ ಎಳೆದು ತರುವುದು ಆಗ ಕನಸಿನ ಮಾತು. ಆದರೆ ಈ ರೇಡಿಯೋ ಪೆಟ್ಟಿಗೆಗೆ ಬೇಕಾದದ್ದು ಕೆಲವೇ ವಾಟ್, ಒಂದು ಎಲ್‌ಇಡಿ ಬಲ್ಬಿನ ಪಾಲು. ಅದನ್ನು ಬಿಸಿಲೇ ಕೊಡಬಲ್ಲದು, ಸಾಲದಿದ್ದರೆ ಗಾಳಿ ಇದೆ. ತೆಳು ಗಾಳಿಯ ಎತ್ತರದಲ್ಲಿ ಬಿಸಿಲು ಚುರುಕು. ಪ್ಯಾನೆಲ್ಲು ಸುಡುಬೇಸಿಗೆಗಿಂತ ಚಳಿಯಲ್ಲೇ ಚೆನ್ನಾಗಿ ದುಡಿಯುತ್ತದೆ. ಅಳುಬುರುಕ ಅಂದರೆ ಬ್ಯಾಟರಿ. ಥಂಡಿಗೆ ಅದರ ಕಸುವು ಕುಗ್ಗುತ್ತದೆ, ನಾಲ್ಕು ದಿನ ಮೋಡ ಕವಿದರೆ ತಳ ಕಾಣುತ್ತದೆ, ಹಾಗೆ ತಳ ಕಂಡಷ್ಟೂ ಆಯಸ್ಸು ಕಡಿಮೆ. ಲಾಡ್ಜು ನೋಡಿಕೊಳ್ಳುವ ದಾಯ್, ಅಂದರೆ ಅಣ್ಣ, ಬೆಳಗಿನ ಮೊದಲ ಕೆಲಸವಾಗಿ ಹಳೇ ಬಟ್ಟೆ ಹಿಡಿದು ಬಂದು ಪ್ಯಾನೆಲ್ಲಿನ ಮೇಲೆ ಕಟ್ಟಿದ್ದ ಇಬ್ಬನಿಯ ಪುಡಿಮಂಜು ಒರೆಸಿದ. ಗಾಜಿನ ಮೇಲೆ ಒಂದು ಸೀಳು ಮಂಜು ಉಳಿದರೂ ಒಪ್ಪದೆ ಉಗುರಿನಲ್ಲಿ ಕೆರೆದ. ಬ್ಯಾಟರಿಯ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೀರಿನ ಮಟ್ಟ ನೋಡಿದ. ಟರ್ಮಿನಲ್ಲಿಗೆ ಹಿಡಿದಿದ್ದ ಹಸಿರು ಕಿಲುಬನ್ನು ಬಿಸಿನೀರು ಸುರಿದು ತೊಳೆದು, ಒರೆಸಿ, ಅಡುಗೆಮನೆಯಿಂದ ತಂದ ವ್ಯಾಸಲೀನ್ ಸವರಿದ. ಇದನ್ನೆಲ್ಲ ಯಾರು ಕಲಿಸಿದರು ಎಂದರೆ, "ಸರ್ ಕಲಿಸಿದರು. ಆಮೇಲೆ ಕೆಟ್ಟು ಕೆಟ್ಟು ತಾನೇ ಕಲಿಸಿತು" ಎಂದ.

ಪತ್ರಿಕೆಗಳು ಪುನ್ ಅವರನ್ನು ಒಬ್ಬಂಟಿ ವೀರನನ್ನಾಗಿ ಬರೆಯುತ್ತವೆ. ಅವರು ವೀರರೇ ಇರಬಹುದು. 2014ರಲ್ಲಿ ಇಂಟರ್‌ನೆಟ್ ಹಾಲ್ ಆಫ್ ಫೇಮ್ ಸೇರಿದರು, ಕಾಠ್ಮಂಡುವಿನಲ್ಲಿ ರಾಷ್ಟ್ರೀಯ ಆವಿಷ್ಕಾರ ಕೇಂದ್ರ ಕಟ್ಟಿದರು, 2022ರಲ್ಲಿ ಈ ಮ್ಯಾಗ್ದಿಯಿಂದಲೇ ಪಕ್ಷೇತರರಾಗಿ ಸಂಸತ್ತಿಗೆ ಗೆದ್ದರು. ನಾವು ವಾಪಸ್ ಬಂದ ಕೆಲವು ತಿಂಗಳಿಗೆ, 2025ರ ಸೆಪ್ಟೆಂಬರಿನಲ್ಲಿ, ಸೋಷಿಯಲ್ ಮೀಡಿಯಾಗಳಿಗೆ ಬೀಗ ಹಾಕಿದ ಸರ್ಕಾರದ ವಿರುದ್ಧ ಹುಡುಗರು ಬೀದಿಗಿಳಿದು, ಆ ಸರ್ಕಾರವೇ ಬಿದ್ದು, ಹೊಸ ಮಧ್ಯಂತರ ಸಂಪುಟದಲ್ಲಿ ಅವರು ಶಿಕ್ಷಣ ಸಚಿವರಾದರು ಎಂಬ ಸುದ್ದಿ ಓದಿದಾಗ ನಾನು ಬಸ್ಸಿನಲ್ಲಿ ಒಬ್ಬನೇ ನಕ್ಕೆ. ವೈರ್‌ಲೆಸ್ ಪೆಟ್ಟಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಕದ್ದು ತರಿಸಿದ ಮೇಷ್ಟ್ರಿಗೆ ಸರ್ಕಾರಿ ಕಾರು! ಆದರೆ ಮೊಹರೆಯಲ್ಲಿ ನಾನು ಕಂಡದ್ದು ಬಟ್ಟೆ ಹಿಡಿದ ದಾಯ್‌ನನ್ನು. ದಾನಿಗಳು ಫೋಟೋ ಹಿಡಿಸಿಕೊಂಡು ಹೋದ ಮರುವರ್ಷವೇ ಸತ್ತುಬಿದ್ದ ಸೋಲಾರ್ ಬೀದಿದೀಪಗಳನ್ನು ಎಷ್ಟೋ ಊರುಗಳಲ್ಲಿ ನೋಡಿದ್ದೇನೆ. ಅಲ್ಲಿ ಪ್ಯಾನೆಲ್ಲಿಗೇನೂ ಆಗಿರುವುದಿಲ್ಲ. ನೀರು ಹಾಕದೆ ಬ್ಯಾಟರಿ ಒಣಗಿರುತ್ತದೆ, ಹೊಸದಕ್ಕೆ ದುಡ್ಡು ಹೊಂದಿಸುವ ಹೊಣೆ ಯಾರ ತಲೆಯ ಮೇಲೂ ಇರುವುದಿಲ್ಲ. ಇಲ್ಲಿ ಲಾಡ್ಜಿನ ಬಾಡಿಗೆಯ ಹಣ ಊರಿಗೆ ಸೇರುತ್ತದೆ, ಕೆಟ್ಟರೆ ಬೈಯಲು ಊರವರಿದ್ದಾರೆ, ಬೈಸಿಕೊಳ್ಳಲು ಈತನಿದ್ದಾನೆ.

ಆ ದಿನ ಇಳಿಯುವಾಗ ದಾಯ್ ನಮ್ಮ ಜೊತೆಗೇ ಹೊರಟ. ಹೆಂಡತಿ ಹಿಡಿದುಕೊಟ್ಟ ಡೋಕೋದೊಳಗೆ ಗೋಣಿಯಲ್ಲಿ ಸುತ್ತಿದ ಸತ್ತ ಬ್ಯಾಟರಿ, ಮೂವತ್ತು ಕಿಲೋಗೆ ಕಡಿಮೆ ಇರಲಾರದು. ಹೊಸದು ಹೊತ್ತು ತಂದ ಬೆನ್ನೇ ಹಳೆಯದನ್ನೂ ಇಳಿಸಬೇಕು. ಒಳಗಿನ ಸೀಸಕ್ಕೆ ಬೇನಿಯ ಗುಜರಿಯವನು ತೂಕದ ಮೇಲೆ ದುಡ್ಡು ಕೊಡುತ್ತಾನೆ, ಅಷ್ಟು ಹೊಸ ಬ್ಯಾಟರಿಯ ಖಾತೆಗೆ ಜಮಾ. ಮೊದಲ ತಿರುವಿನಲ್ಲೇ ಆತ ಹಣೆಪಟ್ಟಿಯ ಸಂದಿಗೆ ಫೋನ್ ಸಿಕ್ಕಿಸಿಕೊಂಡು ಗುಜರಿಯವನಿಗೆ ಫೋನ್ ಹಚ್ಚಿದ. ಆ ಕಡೆಯವನು ಹೇಳಿದ ರೇಟು ಹಿಡಿಸಲಿಲ್ಲ. ಲಾಲಿಗುರಾಂಸ್ ಕಾಡಿನ ಉದ್ದಕ್ಕೂ, ಆಮೇಲಿನ ಮೆಟ್ಟಿಲುಗಳುದ್ದಕ್ಕೂ, ಹೊರೆ ಇಳಿಸದೆ, ನಡಿಗೆ ನಿಲ್ಲಿಸದೆ ಚೌಕಾಸಿ ನಡೆಯಿತು. ಮೊದಲ ಚೌತಾರಿ ಬರುವ ಹೊತ್ತಿಗೆ ಕಿಲೋಗೆ ಐದು ರೂಪಾಯಿ ಮೇಲೆ ಬಂದಿತ್ತು. "ಇನ್ನೂ ಎರಡು ಚೌತಾರಿ ಇದೆ" ಎಂದು ನಮಗೆ ಕಣ್ಣು ಹೊಡೆದು, ಬುಟ್ಟಿಯನ್ನು ಕಟ್ಟೆಗೆ ಆನಿಸಿ, ಮತ್ತೆ ನಂಬರ್ ಒತ್ತಿದ.